ದೊಡ್ಡ ನಗರದಲ್ಲಿ ಓಡಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ನಗರಕ್ಕೆ ನಾಲ್ಕು ದಿನಕ್ಕೆ ಬಂದವರೂ ಕೇಳುತ್ತಾರೆ, ಅಲ್ಲೇ ಮನೆ ಮಾಡಿ ದಿನಾ ಕೆಲಸಕ್ಕೆ ಹೋಗುವವರೂ ಕೇಳುತ್ತಾರೆ. ಇಬ್ಬರ ಪ್ರಶ್ನೆಗಳೂ ಸುಮಾರಾಗಿ ಒಂದೇ. ಉತ್ತರಗಳನ್ನು ಓದುವಾಗ ಒಂದು ಮಾತು ತಲೆಯಲ್ಲಿರಲಿ: ದೊಡ್ಡ ಊರಲ್ಲಿ ನಮ್ಮ ಹೊತ್ತು ತಿನ್ನುವುದು ದೂರಕ್ಕಿಂತ ಹೆಚ್ಚಾಗಿ ಕಾಯುವಿಕೆ.

ನಕ್ಷೆಯಲ್ಲಿ ನೋಡಿದರೆ ಬರೀ 8 ಕಿಲೋಮೀಟರ್. ಎಷ್ಟು ಹೊತ್ತು ಬೇಕು?

ಕಿಲೋಮೀಟರ್ ಲೆಕ್ಕ ಬಿಟ್ಟುಬಿಡಿ. ಪ್ರಯಾಣವನ್ನು ತುಂಡು ಮಾಡಿ ನೋಡಿ. ಮನೆಯಿಂದ ನಿಲ್ದಾಣಕ್ಕೆ ನಡಿಗೆ, ಅಲ್ಲಿ ಕಾಯುವುದು, ಗಾಡಿಯೊಳಗಿನ ಸಮಯ, ಇಳಿದ ಮೇಲೆ ಮತ್ತೆ ನಡಿಗೆ. ಮಧ್ಯೆ ಲೈನು ಬದಲಾಯಿಸಬೇಕಾದರೆ ಇನ್ನೊಂದು ನಡಿಗೆ, ಇನ್ನೊಂದು ಕಾಯುವಿಕೆ.

ಮೆಟ್ರೋ ರೈಲು ನಿಲ್ಲುವುದನ್ನೂ ಸೇರಿಸಿದರೆ ಸಾಮಾನ್ಯವಾಗಿ ಗಂಟೆಗೆ 30ರಿಂದ 35 ಕಿಲೋಮೀಟರ್ ಸಾಗುತ್ತದೆ. ಅಂದರೆ ಆ 8 ಕಿಲೋಮೀಟರಿಗೆ ರೈಲಿನೊಳಗೆ ಕಾಲು ಗಂಟೆ ಸಾಕು. ಆದರೆ ಬಾಗಿಲಿಂದ ಬಾಗಿಲಿಗೆ ಮುಟ್ಟುವಷ್ಟರಲ್ಲಿ 40 ನಿಮಿಷ ಆಗಿದ್ದರೆ ಆಶ್ಚರ್ಯ ಬೇಡ. ಮೆಟ್ಟಿಲು ಇಳಿಯುವುದು, ಬ್ಯಾಗು ತಪಾಸಣೆ ಇದ್ದರೆ ಅದರ ಸಾಲು, ಉದ್ದದ ಸುರಂಗದಲ್ಲಿ ನಡೆಯುವುದು, ಇವೆಲ್ಲ ನಕ್ಷೆಯಲ್ಲಿ ಕಾಣುವುದಿಲ್ಲ.

ಫೋನಿನ ಆ್ಯಪ್ 35 ನಿಮಿಷ ಅಂತ ತೋರಿಸುತ್ತದೆ. ನಂಬಬಹುದಾ?

ದಾರಿ ಹುಡುಕುವುದಕ್ಕೆ ಖಂಡಿತ ನಂಬಿ. ಸಮಯದ ವಿಷಯದಲ್ಲಿ ಎರಡು ಎಚ್ಚರ ಬೇಕು. ಒಂದು, ರಾತ್ರಿ 10 ಗಂಟೆಗೆ ನೋಡಿದ ಅಂದಾಜು ಬೆಳಿಗ್ಗೆ 9ಕ್ಕೆ ಹೊಂದುವುದಿಲ್ಲ. ಹೊರಡುವ ಹೊತ್ತನ್ನು, ಇಲ್ಲವೇ ತಲುಪಬೇಕಾದ ಹೊತ್ತನ್ನು ಹಾಕಿ ನೋಡುವ ಸೌಲಭ್ಯ ಬಹಳ ಆ್ಯಪ್‌ಗಳಲ್ಲಿದೆ, ಅದನ್ನು ಬಳಸಿ. ಎರಡು, ಅದು ಹೇಳುವುದು ಬರೀ ಅಂದಾಜು. ಸಂದರ್ಶನ, ವಿಮಾನ, ಆಸ್ಪತ್ರೆಯ ಸಮಯ ಇದ್ದಾಗ ಅಂದಾಜು ನೋಡಿ ಹೊರಟರೆ ಸಾಲದು. ಹಾಗೆ ಹೊರಡುವಾಗ ಅರ್ಧದಷ್ಟು ಹೊತ್ತು ಜಾಸ್ತಿ ಇಟ್ಟುಕೊಳ್ಳಿ. 40 ನಿಮಿಷ ಅಂದರೆ ಒಂದು ಗಂಟೆ.

ಎತ್ತರದ ಕಟ್ಟಡಗಳ ನಡುವೆ ಫೋನು ನಿಮ್ಮನ್ನು ಪಕ್ಕದ ರಸ್ತೆಯಲ್ಲಿ ತೋರಿಸಬಹುದು. ಉಪಗ್ರಹದ ಸಂಕೇತ ಗೋಡೆಗಳಿಗೆ ಬಡಿದು ಬರುವುದರಿಂದ ಹೀಗಾಗುತ್ತದೆ. ಆಗ ನೀಲಿ ಚುಕ್ಕೆಯ ಹಿಂದೆ ಹೋಗದೆ ರಸ್ತೆಯ ಹೆಸರಿನ ಫಲಕ ನೋಡಿ. ನೆಲದಡಿ ಇಳಿಯುವ ಮುಂಚೆ ನಕ್ಷೆ ಡೌನ್‌ಲೋಡ್ ಮಾಡಿಟ್ಟುಕೊಂಡಿರಿ.

ನಾಲ್ಕು ದಿನಕ್ಕೆ ಬರುತ್ತಿದ್ದೇವೆ. ಎಲ್ಲಿ ಉಳಿದುಕೊಳ್ಳುವುದು?

ನೋಡಬೇಕಾದ ಜಾಗದ ಪಕ್ಕದಲ್ಲೇ ಇರಬೇಕು ಅಂತೇನಿಲ್ಲ. ಎರಡು ಲೈನು ಕೂಡುವ ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆಯಲ್ಲಿದ್ದರೆ ಸಾಕು. ಅಲ್ಲಿಂದ ಊರಿನ ಬಹುಪಾಲು ಜಾಗಗಳಿಗೆ ಒಂದೇ ರೈಲು, ಇಲ್ಲವೇ ಒಂದು ಬದಲಾವಣೆ. ಮೊದಲ ದಿನ ಆ ಒಂದು ನಿಲ್ದಾಣವನ್ನು ಚೆನ್ನಾಗಿ ಪರಿಚಯ ಮಾಡಿಕೊಳ್ಳಿ: ಯಾವ ಬಾಗಿಲು, ಲಿಫ್ಟ್ ಎಲ್ಲಿ, ಕೊನೆ ರೈಲು ಎಷ್ಟಕ್ಕೆ. ಉಳಿದದ್ದು ತಾನಾಗೇ ತಿಳಿಯುತ್ತದೆ.

ಹತ್ತು ನಿಮಿಷಕ್ಕೊಂದು ಬಸ್ಸು ಅಂತ ಬರೆದಿದ್ದಾರೆ. ಅರ್ಧ ಗಂಟೆ ಕಾದರೂ ಬರುವುದಿಲ್ಲ, ಆಮೇಲೆ ಮೂರು ಒಟ್ಟಿಗೇ ಬರುತ್ತವೆ. ಯಾಕೆ ಹೀಗೆ?

ಇದು ಜಗತ್ತಿನ ಎಲ್ಲಾ ದೊಡ್ಡ ಊರುಗಳ ಗೋಳು. ಡ್ರೈವರ್‌ಗಳನ್ನು ಬೈಯುವ ಮುಂಚೆ ಏನಾಗುತ್ತದೆ ಅಂತ ನೋಡಿ.

ಮೂರು ಬಸ್ಸುಗಳು ಸರಿಯಾಗಿ ಹತ್ತತ್ತು ನಿಮಿಷಕ್ಕೆ ಡಿಪೋ ಬಿಟ್ಟವು ಅಂದುಕೊಳ್ಳಿ. ನಡುವಿನದು ಒಂದು ಸಿಗ್ನಲ್‌ನಲ್ಲಿ ಎರಡು ನಿಮಿಷ ಸಿಕ್ಕಿಕೊಂಡಿತು. ಮುಂದಿನ ಸ್ಟಾಪಿನಲ್ಲಿ ಅಷ್ಟು ಹೊತ್ತಿಗೆ ನಾಲ್ಕು ಜನ ಜಾಸ್ತಿ ಸೇರಿರುತ್ತಾರೆ. ಅವರು ಹತ್ತಬೇಕು, ಟಿಕೆಟ್ ತೆಗೆದುಕೊಳ್ಳಬೇಕು, ಚಿಲ್ಲರೆ ಕೊಡಬೇಕು. ಬಸ್ಸು ಇನ್ನೂ ಸ್ವಲ್ಪ ತಡ. ಅದರ ಮುಂದಿನ ಸ್ಟಾಪಿನಲ್ಲಿ ಇನ್ನೂ ಜನ. ಒಳಗೆ ತುಂಬಿದ ಮೇಲೆ ಇಳಿಯುವವರೂ ತಳ್ಳಿಕೊಂಡು ಬಾಗಿಲಿಗೆ ಬರಬೇಕು, ಅದಕ್ಕೂ ಹೊತ್ತು ಹಿಡಿಯುತ್ತದೆ. ಹಿಂದಿನ ಬಸ್ಸಿಗೆ ಇದರ ತದ್ವಿರುದ್ಧ. ಮುಂದಿನದು ಜನರನ್ನೆಲ್ಲ ಬಾಚಿಕೊಂಡು ಹೋಗಿರುವುದರಿಂದ ಅದಕ್ಕೆ ಹತ್ತುವವರೇ ಇಲ್ಲ. ಅದು ಬೇಗ ಬೇಗ ಬಂದು ನಡುವಿನದರ ಬಾಲಕ್ಕೆ ಅಂಟಿಕೊಳ್ಳುತ್ತದೆ. ಒಮ್ಮೆ ಅಂಟಿಕೊಂಡರೆ ತಾನಾಗೇ ಬಿಡಿಸಿಕೊಳ್ಳುವುದು ಕಷ್ಟ.

ಇನ್ನೊಂದು ಲೆಕ್ಕವೂ ಇದೆ. ಬಸ್ಸುಗಳು ಸಮನಾಗಿ 10 ನಿಮಿಷಕ್ಕೊಮ್ಮೆ ಬಂದರೆ, ಸುಮ್ನೆ ಯಾವಾಗಲೋ ಸ್ಟಾಪಿಗೆ ಬಂದವರು ಸರಾಸರಿ 5 ನಿಮಿಷ ಕಾಯುತ್ತಾರೆ. ಅದೇ ಬಸ್ಸುಗಳು ಒಮ್ಮೆ 2 ನಿಮಿಷಕ್ಕೆ, ಒಮ್ಮೆ 18 ನಿಮಿಷಕ್ಕೆ ಬಂದರೆ? ಗಂಟೆಗೆ ಆಗಲೂ ಆರೇ ಬಸ್ಸು. ಆದರೆ ನೀವು ಆ 18 ನಿಮಿಷದ ಖಾಲಿ ಹೊತ್ತಿನಲ್ಲಿ ಬರುವ ಸಾಧ್ಯತೆ ಹತ್ತರಲ್ಲಿ ಒಂಬತ್ತು. ಹಾಗಾಗಿ ಸರಾಸರಿ ಕಾಯುವಿಕೆ 8 ನಿಮಿಷಕ್ಕೂ ಮೇಲೆ ಹೋಗುತ್ತದೆ. ವೇಳಾಪಟ್ಟಿ ನೋಡಿದವರಿಗೆ ಎಲ್ಲ ಸರಿಯಾಗಿದೆ, ಸ್ಟಾಪಿನಲ್ಲಿ ನಿಂತವರಿಗೆ ಮಾತ್ರ ಬಸ್ಸಿಲ್ಲ. ಕಾಯುವವರ ಸಿಟ್ಟು ಸುಳ್ಳಲ್ಲ, ಅದನ್ನು ಲೆಕ್ಕವೇ ತೋರಿಸುತ್ತದೆ.

ಹಾಗಾದರೆ ಮೊದಲು ಬಂದ ತುಂಬಿದ ಬಸ್ಸು ಹತ್ತಬೇಕಾ, ಹಿಂದಿನದಕ್ಕೆ ಕಾಯಬೇಕಾ?

ತುಂಬಾ ಹೊತ್ತು ಬಸ್ಸೇ ಬಂದಿರದೆ, ಆಮೇಲೆ ತುಂಬಿದ ಬಸ್ಸೊಂದು ಬಂದರೆ ಅದರ ಹಿಂದೆ ಇನ್ನೊಂದು ಹತ್ತಿರದಲ್ಲೇ ಇರುವ ಸಂಭವ ಜಾಸ್ತಿ. ಬಸ್ಸು ಎಲ್ಲಿದೆ ಅಂತ ತೋರಿಸುವ ಆ್ಯಪ್ ಇದ್ದರೆ ಒಮ್ಮೆ ಕಣ್ಣು ಹಾಯಿಸಿ. ಹಿಂದಿನದು ಖಾಲಿ ಇರುತ್ತದೆ, ಕೂರಲು ಜಾಗವೂ ಸಿಗುತ್ತದೆ. ಆ ದಾರಿಯ ಕೊನೆ ಬಸ್ಸಿನ ಹೊತ್ತಾಗಿದ್ದರೆ ಮಾತ್ರ ಯೋಚಿಸದೆ ಹತ್ತಿಬಿಡಿ.

ಮೆಟ್ರೋ ನಕ್ಷೆಯಲ್ಲಿ ಎರಡು ನಿಲ್ದಾಣ ತುಂಬಾ ದೂರ ಕಾಣುತ್ತವೆ. ನಿಜವಾಗಿಯೂ ಅಷ್ಟು ದೂರವಾ?

ಇರಲೇಬೇಕೆಂದಿಲ್ಲ. ಮೆಟ್ರೋ ನಕ್ಷೆಗಳಲ್ಲಿ ಹೆಚ್ಚಿನವು ದೂರವನ್ನು ತೋರಿಸುವುದೇ ಇಲ್ಲ, ಜೋಡಣೆಯನ್ನು ತೋರಿಸುತ್ತವೆ. ಲಂಡನ್ನಿನ ನೆಲದಡಿ ರೈಲು ಶುರುವಾದದ್ದು 1863ರಲ್ಲಿ. ಮೊದಮೊದಲು ಅದರ ನಕ್ಷೆಗಳು ಊರಿನ ನಕ್ಷೆಯ ಮೇಲೇ ಗೆರೆ ಎಳೆದಂತೆ ಇದ್ದವು. ನಡು ಊರಿನಲ್ಲಿ ಹೆಸರುಗಳು ಒತ್ತೊತ್ತಾಗಿ, ಹೊರವಲಯದಲ್ಲಿ ಬರೀ ಖಾಲಿ. ಹ್ಯಾರಿ ಬೆಕ್ ಎಂಬ ನಕ್ಷೆಗಾರ ಗೆರೆಗಳನ್ನೆಲ್ಲ ನೇರ ಮತ್ತು 45 ಡಿಗ್ರಿಗೆ ಓರೆ ಮಾಡಿ, ನಿಲ್ದಾಣಗಳ ನಡುವಿನ ಅಂತರ ಸಮ ಮಾಡಿ ಬರೆದ ನಕ್ಷೆ 1933ರಲ್ಲಿ ಜನರ ಕೈಗೆ ಬಂತು. ಇವತ್ತು ನೀವು ಯಾವ ದೇಶದಲ್ಲಿ ಮೆಟ್ರೋ ಹತ್ತಿದರೂ ಗೋಡೆಯ ಮೇಲೆ ಕಾಣುವುದು ಬಹುಮಟ್ಟಿಗೆ ಆ ಕ್ರಮವೇ.

ಓದಲು ಇದು ಬಹಳ ಸುಲಭ. ಆದರೆ ನಡೆಯಬಹುದಾದ ದೂರಕ್ಕೂ ಜನ ರೈಲು ಹತ್ತಿಬಿಡುತ್ತಾರೆ. ಲಂಡನ್ನಿನ ಲೆಸ್ಟರ್ ಸ್ಕ್ವೇರ್ ಮತ್ತು ಕವೆಂಟ್ ಗಾರ್ಡನ್ ನಿಲ್ದಾಣಗಳ ನಡುವೆ ಇರುವುದು ಸುಮಾರು 260 ಮೀಟರ್. ಕೆಳಗಿಳಿದು, ರೈಲು ಕಾದು, ಮತ್ತೆ ಮೇಲೆ ಬರುವುದರೊಳಗೆ ರಸ್ತೆಯಲ್ಲಿ ನಡೆದವರು ಮುಟ್ಟಿಯಾಗಿರುತ್ತದೆ. ಒಂದೆರಡು ನಿಲ್ದಾಣದ ಪ್ರಯಾಣ ಅಂದಾಗ ಮಾಮೂಲಿ ರಸ್ತೆ ನಕ್ಷೆಯನ್ನೂ ಒಮ್ಮೆ ತೆರೆದು ನೋಡಿ.

ಯಾವ ಕಡೆಯ ಪ್ಲಾಟ್‌ಫಾರ್ಮಿಗೆ ಹೋಗಬೇಕು ಅಂತ ಹೇಗೆ ಗೊತ್ತಾಗುತ್ತದೆ?

ಫಲಕದಲ್ಲಿ ಸಾಮಾನ್ಯವಾಗಿ ಬರೆದಿರುವುದು ಆ ಲೈನಿನ ಕೊನೆಯ ನಿಲ್ದಾಣದ ಹೆಸರು. ನೀವು ಇಳಿಯುವ ಜಾಗದ ಹೆಸರು ಅಲ್ಲಿ ದೊಡ್ಡದಾಗಿ ಇರುವುದಿಲ್ಲ. ಹಾಗಾಗಿ ಎರಡು ಹೆಸರು ನೆನಪಿಟ್ಟುಕೊಳ್ಳಿ: ಇಳಿಯುವ ನಿಲ್ದಾಣ, ಆ ದಿಕ್ಕಿನ ಕೊನೆ ನಿಲ್ದಾಣ.

ಸುತ್ತು ಹೊಡೆಯುವ ಲೈನಿಗೆ ಕೊನೆ ಅನ್ನುವುದೇ ಇರುವುದಿಲ್ಲ. ಟೋಕಿಯೋದ ಯಮನೋತೆ ಲೈನು 34.5 ಕಿಲೋಮೀಟರಿನ ಉಂಗುರ, 30 ನಿಲ್ದಾಣ, ಒಂದು ಸುತ್ತಿಗೆ ಸುಮಾರು ಒಂದು ಗಂಟೆ. ಅಂಥ ಕಡೆ ಮುಂದೆ ಬರುವ ದೊಡ್ಡ ನಿಲ್ದಾಣಗಳ ಹೆಸರು ನೋಡಿ ದಿಕ್ಕು ತಿಳಿಯಬೇಕು. ತಪ್ಪಿ ಹತ್ತಿದರೆ ಗಾಬರಿ ಬೇಡ. ಮುಂದಿನ ನಿಲ್ದಾಣದಲ್ಲಿ ಇಳಿದು ಎದುರು ಪ್ಲಾಟ್‌ಫಾರ್ಮಿಗೆ ಹೋಗಿ.

ಕೆಲವು ಊರುಗಳಲ್ಲಿ ಒಂದೇ ಹಳಿಯ ಮೇಲೆ ಎಲ್ಲ ಕಡೆ ನಿಲ್ಲುವ ರೈಲೂ, ಎಕ್ಸ್‌ಪ್ರೆಸ್ಸೂ ಓಡುತ್ತವೆ. ಎಕ್ಸ್‌ಪ್ರೆಸ್ಸು ನಿಮ್ಮ ನಿಲ್ದಾಣದಲ್ಲಿ ನಿಲ್ಲದೆ ಹೋಗಬಹುದು, ನೋಡಿ ಹತ್ತಿ. ನ್ಯೂಯಾರ್ಕಿನಲ್ಲಿ ಕೆಲವು ನಿಲ್ದಾಣಗಳಿಗೆ ಇನ್ನೊಂದು ವಿಚಿತ್ರ ಇದೆ: ಒಂದು ಮೆಟ್ಟಿಲಿಂದ ಇಳಿದರೆ ಒಂದೇ ದಿಕ್ಕಿನ ರೈಲು ಸಿಗುತ್ತದೆ. ಇನ್ನೊಂದು ದಿಕ್ಕಿಗೆ ರಸ್ತೆ ದಾಟಿ ಎದುರಿನ ಮೆಟ್ಟಿಲು ಇಳಿಯಬೇಕು. ಕಾರ್ಡು ತೋರಿಸಿ ಒಳಗೆ ಹೋಗುವ ಮುಂಚೆ ಮೆಟ್ಟಿಲ ತಲೆಯ ಮೇಲಿನ ಫಲಕ ಓದುವುದು ಅಭ್ಯಾಸ ಆಗಲಿ.

ರೈಲಿಂದ ಇಳಿದ ಮೇಲೆ ಯಾವ ಬಾಗಿಲಿಂದ ಹೊರಗೆ ಬರುವುದು?

ಈ ಪ್ರಶ್ನೆಯನ್ನು ಜನ ಕೇಳಬೇಕಾದಷ್ಟು ಕೇಳುವುದಿಲ್ಲ. ಟೋಕಿಯೋದ ಶಿಂಜುಕು ನಿಲ್ದಾಣಕ್ಕೆ 200ಕ್ಕೂ ಹೆಚ್ಚು ದ್ವಾರಗಳಿವೆ. ಬೇರೆ ಬಾಗಿಲಲ್ಲಿ ಹೊರಬಿದ್ದರೆ ಕಾಲು ಗಂಟೆ ಅಲ್ಲೇ ಹೋಯಿತು. ಚಿಕ್ಕ ನಿಲ್ದಾಣದಲ್ಲೂ ತಪ್ಪು ಬಾಗಿಲು ಅಂದರೆ ದಾಟಲಾಗದ ಹೆದ್ದಾರಿಯ ಆ ಕಡೆ ನಿಂತಂತೆ. ಯಾರನ್ನಾದರೂ ಭೇಟಿ ಮಾಡುವುದಿದ್ದರೆ "ಸ್ಟೇಷನ್ ಹತ್ತಿರ ಸಿಗೋಣ" ಅನ್ನಬೇಡಿ, ದ್ವಾರದ ಸಂಖ್ಯೆ ಹೇಳಿ.

ದಿನಾ ಓಡಾಡುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಇಳಿಯುವ ಕಡೆ ಎಸ್ಕಲೇಟರ್ ಯಾವ ಬೋಗಿಯ ಎದುರಿಗೆ ಬರುತ್ತದೆ ಅಂತ ನೋಡಿಟ್ಟುಕೊಂಡು ಹತ್ತುವಾಗಲೇ ಆ ಬೋಗಿಯ ಬಳಿ ನಿಲ್ಲುತ್ತಾರೆ. ಗುಂಪು ಮೆಟ್ಟಿಲು ಮುಟ್ಟುವ ಮುಂಚೆ ಇವರು ಮೇಲಿರುತ್ತಾರೆ. ಮುಂದಿನ ಬಸ್ಸು ಸಿಗುವುದೂ ತಪ್ಪುವುದೂ ಎಷ್ಟೋ ಸಲ ಇಷ್ಟರಲ್ಲೇ ತೀರ್ಮಾನವಾಗುತ್ತದೆ.

ಟಿಕೆಟ್, ಕಾರ್ಡು, ಪಾಸು: ಯಾವುದು ಒಳ್ಳೆಯದು?

ಎರಡು ದಿನಕ್ಕಿಂತ ಜಾಸ್ತಿ ಇರುತ್ತೀರಾದರೆ ಕಾರ್ಡೇ ಸರಿ. ಹಾಂಗ್‌ಕಾಂಗ್‌ನ ಆಕ್ಟೋಪಸ್ ಕಾರ್ಡು 1997ರಲ್ಲಿ, ಲಂಡನ್ನಿನ ಆಯ್‌ಸ್ಟರ್ 2003ರಲ್ಲಿ ಬಂದವು. ಈಗ ಅನೇಕ ನಗರಗಳಲ್ಲಿ ಬ್ಯಾಂಕಿನ ಕಾರ್ಡನ್ನೋ ಫೋನನ್ನೋ ನೇರವಾಗಿ ಗೇಟಿಗೆ ತೋರಿಸಿ ಒಳಗೆ ಹೋಗಬಹುದು.

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. ಅದೇ ಬ್ಯಾಂಕ್ ಕಾರ್ಡು ಫೋನಿನಲ್ಲೂ ಇದ್ದರೆ, ಗೇಟಿನ ಯಂತ್ರಕ್ಕೆ ಅವೆರಡೂ ಬೇರೆ ಬೇರೆ. ಫೋನು ತನ್ನದೇ ಬೇರೆ ಸಂಖ್ಯೆ ಕಳಿಸುತ್ತದೆ. ಹತ್ತುವಾಗ ಫೋನು, ಇಳಿಯುವಾಗ ಕಾರ್ಡು ತೋರಿಸಿದರೆ ಎರಡು ಅರ್ಧ ಪ್ರಯಾಣ ಆಗಿ, ಎರಡಕ್ಕೂ ಗರಿಷ್ಠ ದರ ಬೀಳಬಹುದು. ದಿನಕ್ಕೆ ಇಷ್ಟೇ ಅನ್ನುವ ಮಿತಿ ಇರುವ ಊರುಗಳಲ್ಲಿ ಆ ಮಿತಿಯ ಲಾಭವೂ ಸಿಗುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ಕಾರ್ಡಿನಲ್ಲಿ ಹೋಗುವುದೂ ಸಾಮಾನ್ಯವಾಗಿ ನಡೆಯುವುದಿಲ್ಲ. ಒಬ್ಬರಿಗೆ ಒಂದು ಕಾರ್ಡು, ದಿನವಿಡೀ ಅದೇ.

ಗೇಟೇ ಇಲ್ಲದ ಊರುಗಳೂ ಇವೆ. ಬರ್ಲಿನ್, ವಿಯೆನ್ನಾಗಳಲ್ಲಿ ಸೀದಾ ನಡೆದು ರೈಲು ಹತ್ತಬಹುದು. ಆದರೆ ಟಿಕೆಟ್ ಕೊಂಡರೆ ಸಾಲದು, ಮುದ್ರೆ ಹಾಕುವ ಬಗೆಯ ಕಾಗದದ ಟಿಕೆಟ್ ಆಗಿದ್ದರೆ ಸಣ್ಣ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕು. ಮುದ್ರೆ ಇಲ್ಲದ ಟಿಕೆಟ್‌ಗೂ ದಂಡ ಬೀಳುತ್ತದೆ. ಎಲ್ಲೇ ಆಗಲಿ, ಪೂರ್ತಿ ಹೊರಗೆ ಬರುವತನಕ ಟಿಕೆಟ್ ಎಸೆಯಬೇಡಿ.

ಬೆಳಿಗ್ಗೆ ರಶ್‌ನಲ್ಲಿ ಉಸಿರಾಡಲೂ ಜಾಗ ಇಲ್ಲ. ಏನು ಮಾಡುವುದು?

ಸಾಧ್ಯವಾದರೆ ಅರ್ಧ ಗಂಟೆ ಹಿಂದೆ ಮುಂದೆ ಮಾಡಿಕೊಳ್ಳಿ. ಜನಸಂದಣಿ ಇಡೀ ಬೆಳಿಗ್ಗೆ ಒಂದೇ ಥರ ಇರುವುದಿಲ್ಲ, ಒಂದು ತುತ್ತತುದಿ ಇರುತ್ತದೆ. ಅದರಿಂದ ಅರ್ಧ ಗಂಟೆ ಸರಿದರೂ ವ್ಯತ್ಯಾಸ ಮೈಗೇ ತಿಳಿಯುತ್ತದೆ. ಮೆಟ್ಟಿಲ ಹತ್ತಿರದ ಬೋಗಿಗಳೇ ಮೊದಲು ತುಂಬುವುದು, ಪ್ಲಾಟ್‌ಫಾರ್ಮಿನ ಕೊನೆಯತನಕ ನಡೆಯಿರಿ. ಬೆನ್ನಿನ ಬ್ಯಾಗನ್ನು ಎದೆಗೆ ಹಾಕಿಕೊಳ್ಳಿ. ಜೇಬುಗಳ್ಳರಿಂದಲೂ ಕಾಪಾಡುತ್ತದೆ, ಹಿಂದಿನವರಿಗೂ ಜಾಗ ಆಗುತ್ತದೆ.

ಇಳಿಯುವವರಿಗೆ ಮೊದಲು ದಾರಿ ಬಿಡಿ. ಇದು ಬರೀ ಸೌಜನ್ಯದ ಮಾತಲ್ಲ. ಪ್ರತಿ ನಿಲ್ದಾಣದಲ್ಲೂ ಬಾಗಿಲ ಬಳಿ ಹತ್ತು ಸೆಕೆಂಡು ತಳ್ಳಾಟವಾದರೆ ಹಿಂದಿನ ರೈಲುಗಳೆಲ್ಲ ಸುರಂಗದಲ್ಲಿ ನಿಂತು ಕಾಯಬೇಕಾಗುತ್ತದೆ.

ಎಸ್ಕಲೇಟರ್‌ನಲ್ಲಿ ಯಾವ ಕಡೆ ನಿಲ್ಲಬೇಕು?

ಮುಂದಿನವರನ್ನು ನೋಡಿ ಹಾಗೇ ನಿಲ್ಲಿ. ಲಂಡನ್ನಿನಲ್ಲಿ ಬಲಕ್ಕೆ, ಟೋಕಿಯೋದಲ್ಲಿ ಎಡಕ್ಕೆ, ಅದೇ ದೇಶದ ಒಸಾಕಾದಲ್ಲಿ ಬಲಕ್ಕೆ. ಲಂಡನ್ನಿನ ಹೋಬರ್ನ್ ನಿಲ್ದಾಣದಲ್ಲಿ 2015ರಲ್ಲಿ ಎರಡೂ ಬದಿ ನಿಂತು ಹೋಗುವ ಪ್ರಯೋಗ ಮಾಡಿದಾಗ ರಶ್ ಹೊತ್ತಿನಲ್ಲಿ ಹೆಚ್ಚು ಜನ ಮೇಲೆ ತಲುಪಿದರು. ಎತ್ತರದ ಎಸ್ಕಲೇಟರ್ ಹತ್ತಿಕೊಂಡು ಹೋಗುವವರು ಕಡಿಮೆ, ಆ ಬದಿ ಸುಮ್ನೆ ಖಾಲಿ ಹೋಗುತ್ತಿತ್ತು.

ಟ್ಯಾಕ್ಸಿ ಯಾವಾಗ ಹಿಡಿಯಬೇಕು?

ಭಾರದ ಸಾಮಾನು ಇದ್ದಾಗ, ಮೂರ್ನಾಲ್ಕು ಜನ ಒಟ್ಟಿಗಿದ್ದಾಗ, ಕಾಯಿಲೆಯವರು ಜೊತೆಗಿದ್ದಾಗ, ರೈಲು ನಿಂತ ಮೇಲೆ. ರಶ್ ಹೊತ್ತಿನಲ್ಲಿ ಊರು ದಾಟಲು ಮಾತ್ರ ಹಿಡಿಯಬೇಡಿ. ಬೇಡಿಕೆ ಏರಿದಾಗ ಆ್ಯಪ್‌ನಲ್ಲಿ ದರವೂ ಏರುತ್ತದೆ, ದುಬಾರಿ ಕೊಟ್ಟು ಅದೇ ಟ್ರಾಫಿಕ್ಕಿನಲ್ಲಿ ಕೂರಬೇಕು. ಬಹುದೂರವನ್ನು ರೈಲಿನಲ್ಲಿ ಮುಗಿಸಿ, ಕೊನೆಯ ಎರಡು ಮೂರು ಕಿಲೋಮೀಟರಿಗೆ ಗಾಡಿ ಹಿಡಿಯುವುದು ಎಷ್ಟೋ ವಾಸಿ.

ಹತ್ತುವ ಮುಂಚೆ ನಂಬರ್ ಪ್ಲೇಟ್ ತಾಳೆ ನೋಡಿ. ನಿಮ್ಮ ಹೆಸರನ್ನು ನೀವೇ ಹೇಳಬೇಡಿ, "ಯಾರ ಬುಕಿಂಗ್‌ಗೆ ಬಂದಿದ್ದೀರಿ?" ಅಂತ ಅವರಿಂದಲೇ ಹೇಳಿಸಿ.

ರಾತ್ರಿ ಒಬ್ಬಳೇ ಬರಬೇಕು. ಏನು ನೋಡಿಕೊಳ್ಳಲಿ?

ಕೊನೆ ರೈಲಿನ ಹೊತ್ತು ಹೋಗುವಾಗಲೇ ತಿಳಿದುಕೊಳ್ಳಿ. ರಾತ್ರಿಯಿಡೀ ಓಡುವ ನ್ಯೂಯಾರ್ಕ್ ಸಬ್‌ವೇ ಥರದವು ಬೆರಳೆಣಿಕೆಯಷ್ಟು. ಲೈನು ಬದಲಾಯಿಸುವುದಿದ್ದರೆ ಎರಡನೇ ಲೈನಿನ ಕೊನೆ ರೈಲೇ ನಿಮ್ಮ ಲೆಕ್ಕ. ಖಾಲಿ ಬೋಗಿ ಬಿಟ್ಟು ಜನ ಇರುವ ಬೋಗಿ ಹತ್ತಿ. ದಿಲ್ಲಿ ಮೆಟ್ರೋದಲ್ಲಿರುವ ಹಾಗೆ ಹೆಂಗಸರಿಗೆ ಮೀಸಲು ಬೋಗಿ ಇರುವ ಕಡೆ ಅದು ಎಲ್ಲಿ ನಿಲ್ಲುತ್ತದೆ ಅಂತ ನೆಲದ ಮೇಲೆ ಗುರುತು ಇರುತ್ತದೆ. ಎರಡು ದಾರಿ ಇದ್ದರೆ ಐದು ನಿಮಿಷ ಜಾಸ್ತಿ ಆದರೂ ಬೆಳಕಿರುವ, ಅಂಗಡಿ ತೆರೆದಿರುವ ದಾರಿ. ಫೋನಿನಲ್ಲಿ ಚಾರ್ಜ್ ಉಳಿಸಿಕೊಳ್ಳಿ. ಭಾರತದಲ್ಲೂ ಯುರೋಪಿನಲ್ಲೂ ತುರ್ತು ಸಂಖ್ಯೆ 112.

ಅಪ್ಪ ಅಮ್ಮನಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಮೆಟ್ರೋದಲ್ಲಿ ಕರೆದುಕೊಂಡು ಹೋಗಬಹುದಾ?

ಹೊಸ ಮೆಟ್ರೋಗಳಲ್ಲಿ ಧಾರಾಳವಾಗಿ. ಹಳೆಯವುಗಳಲ್ಲಿ ಎಷ್ಟೋ ನಿಲ್ದಾಣಗಳಿಗೆ ಲಿಫ್ಟ್ ಇಲ್ಲ. ಹತ್ತುವ, ಬದಲಾಯಿಸುವ, ಇಳಿಯುವ ಮೂರೂ ಕಡೆ ಲಿಫ್ಟ್ ಇದೆಯಾ, ಇವತ್ತು ಓಡುತ್ತಿದೆಯಾ ಅಂತ ನೋಡಿ ಹೊರಡಿ. ಬದಲಾವಣೆ ಇಲ್ಲದ ಬಸ್ಸು ನಿಧಾನವಾದರೂ ಅವರಿಗೆ ಅದೇ ಹಿತ.

ನೆಲದ ಮೇಲಿನ ಹಳದಿ ಉಬ್ಬು ಪಟ್ಟಿ ನೋಡಿರುತ್ತೀರಲ್ವಾ? ಅದು ಅಲಂಕಾರಕ್ಕಲ್ಲ. ಜಪಾನಿನ ಸೇಇಚಿ ಮಿಯಾಕೆ ಅದನ್ನು ಕಣ್ಣು ಕಾಣದವರಿಗಾಗಿ ಮಾಡಿದರು. 1967ರಲ್ಲಿ ಒಕಯಾಮಾ ನಗರದಲ್ಲಿ ಮೊದಲು ಹಾಕಿದರು. ಉದ್ದುದ್ದ ಗೆರೆ ಇದ್ದರೆ ಮುಂದೆ ಹೋಗಬಹುದು, ಚುಕ್ಕೆ ಇದ್ದರೆ ನಿಲ್ಲಬೇಕು, ತಿರುವೋ ಅಂಚೋ ಇದೆ. ದಯವಿಟ್ಟು ಅದರ ಮೇಲೆ ಸೂಟ್‌ಕೇಸ್ ಇಡಬೇಡಿ, ಗಾಡಿ ನಿಲ್ಲಿಸಬೇಡಿ. ಒಬ್ಬರ ಇಡೀ ದಾರಿ ಅಲ್ಲಿಗೆ ಕಡಿದುಹೋಗುತ್ತದೆ.

ಕೆಲಸ ಸಿಕ್ಕಿದೆ, ಮನೆ ಹುಡುಕುತ್ತಿದ್ದೇನೆ. ಆಫೀಸಿನಿಂದ ಎಷ್ಟು ದೂರ ಇರಬಹುದು?

ಬಾಡಿಗೆ ಮುಂಗಡ ಕೊಡುವ ಮುಂಚೆ ಒಂದು ಕೆಲಸದ ದಿನ ಆ ಮನೆ ಬಾಗಿಲಿಂದ ಆಫೀಸಿಗೆ ಅದೇ ಹೊತ್ತಿಗೆ ಹೋಗಿ ನೋಡಿ. ಸಂಜೆ ವಾಪಸ್ಸೂ ಬನ್ನಿ. ಭಾನುವಾರ ಮನೆ ನೋಡಿ ಒಪ್ಪಿಕೊಳ್ಳುವವರೇ ಜಾಸ್ತಿ, ಆವತ್ತು ರಸ್ತೆಗಳು ಖಾಲಿ. ಬಾಡಿಗೆ ಕಡಿಮೆ ಅಂತ ದೂರ ಹೋದರೆ ದಿನಕ್ಕೆ ಒಂದು ಗಂಟೆ ಜಾಸ್ತಿ ಅಂದುಕೊಳ್ಳಿ. ತಿಂಗಳಿಗೆ 22 ಕೆಲಸದ ದಿನ ಅಂದರೆ 22 ಗಂಟೆ. ಹತ್ತಿರ ಹತ್ತಿರ ಮೂರು ದಿನದ ಸಂಬಳದ ಹೊತ್ತು ರಸ್ತೆಗೆ ಹೋಯಿತು.

ಎರಡು ಮನೆಗಳ ನಡುವೆ ಆಯ್ಕೆ ಇದ್ದರೆ, ಎರಡು ಬದಲಾವಣೆಯ 35 ನಿಮಿಷಕ್ಕಿಂತ ಬದಲಾವಣೆ ಇಲ್ಲದ 45 ನಿಮಿಷವೇ ಮೇಲು. ಕೂತು ನಿದ್ದೆ ಮಾಡಬಹುದು, ಓದಬಹುದು. ಲೈನು ಶುರುವಾಗುವ ನಿಲ್ದಾಣದ ಬಳಿ ಮನೆ ಸಿಕ್ಕರೆ ಬೆಳಿಗ್ಗೆ ಸೀಟು ಗ್ಯಾರಂಟಿ.

ರಸ್ತೆ ಅಗಲ ಮಾಡಿದರೆ ಇದೆಲ್ಲ ಸರಿಹೋಗುವುದಿಲ್ವಾ?

ಸ್ವಲ್ಪ ದಿನ ಸರಿಹೋಗುತ್ತದೆ. ರಸ್ತೆ ಸಲೀಸಾದ ಕೂಡಲೇ ಬಸ್ಸಲ್ಲಿ ಹೋಗುತ್ತಿದ್ದವರೂ ಕಾರು ತೆಗೆಯುತ್ತಾರೆ, ಮತ್ತೆ ತುಂಬುತ್ತದೆ. ಬ್ರೆಜಿಲ್‌ನ ಕುರಿಟಿಬಾ ನಗರ 1974ರಲ್ಲಿ ಬಸ್ಸಿಗೇ ಪ್ರತ್ಯೇಕ ದಾರಿ ಕೊಟ್ಟಿತು. ಸಿಂಗಾಪುರ 1975ರಿಂದ, ಲಂಡನ್ 2003ರಿಂದ ನಡು ಊರಿಗೆ ಬರುವ ಕಾರುಗಳಿಗೆ ಶುಲ್ಕ ಹಾಕಿದವು. 60 ಜನರಿರುವ ಬಸ್ಸು ಒಬ್ಬರೇ ಕೂತ ಕಾರಿನ ಹಿಂದೆ ಕಾಯುವುದು ನ್ಯಾಯ ಅಂತ ನನಗಂತೂ ಅನ್ನಿಸುವುದಿಲ್ಲ. ನಿಮ್ಮ ಊರಲ್ಲಿ ಬಸ್ ಲೇನಿನ ಮಾತು ಬಂದರೆ ಬೆಂಬಲಿಸಿ.

ಬಸ್ಸಲ್ಲಿ ಬ್ಯಾಗು ಬಿಟ್ಟು ಇಳಿದುಬಿಟ್ಟೆ!

ತಕ್ಷಣ ನಾಲ್ಕು ವಿಷಯ ಬರೆದುಕೊಳ್ಳಿ: ಬಸ್ಸಿನ ರೂಟ್ ನಂಬರ್, ಯಾವ ದಿಕ್ಕು, ಎಲ್ಲಿ ಎಷ್ಟು ಹೊತ್ತಿಗೆ ಇಳಿದಿರಿ, ಎಲ್ಲಿ ಕೂತಿದ್ದಿರಿ. ಟಿಕೆಟ್ ಜೋಪಾನ, ಅದರಲ್ಲಿ ಬಸ್ಸಿನದೋ ಟಿಕೆಟ್ ಯಂತ್ರದ್ದೋ ಗುರುತು ಇರಬಹುದು. ಸಹಾಯವಾಣಿಗೆ ಫೋನು ಮಾಡಿ, ಆ ರೂಟಿನ ಕೊನೆ ಸ್ಟಾಪಿಗೋ ಡಿಪೋಗೋ ಹೋಗಿ ಕೇಳಿ. ರೈಲಾದರೆ ಪ್ಲಾಟ್‌ಫಾರ್ಮಿನ ಸಿಬ್ಬಂದಿಗೆ ಬೋಗಿ ಮುಂದಿನದೋ ಹಿಂದಿನದೋ ಹೇಳಿ, ಅವರು ಮುಂದಿನ ನಿಲ್ದಾಣಕ್ಕೆ ತಿಳಿಸಬಹುದು. ಬ್ಯಾಂಕ್ ಕಾರ್ಡು ಬ್ಯಾಗಿನಲ್ಲಿದ್ದರೆ ಅದನ್ನು ಮೊದಲು ಬ್ಲಾಕ್ ಮಾಡಿಸಿ.